ಒಂದು ಗಡ್ಡೆಯಲ್ಲಿ ಎಷ್ಟು ಜೀವ?

ಮುಂಗಾರಿನ ಮೊದಲ ಮಳೆಗಳ ಹದ ನೋಡಿ ಹಾಸನ ಜಿಲ್ಲೆಯ ಕೆಮ್ಮಣ್ಣಿನ ಹೊಲಗಳಲ್ಲಿ ನಾಟಿಯಾಗುವ ಆಲೂಗಡ್ಡೆಯು ಕರ್ನಾಟಕದ ಒಟ್ಟು ಆಲೂಗಡ್ಡೆ ಬೆಳೆಯಲ್ಲಿ ಬಹುಕಾಲದಿಂದ ದೊಡ್ಡ ಪಾಲನ್ನು ಪಡೆದಿದೆ. ಅದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿರುವ ಶ್ರವಣಬೆಳಗೊಳವಾದರೋ ಆಲೂಗಡ್ಡೆಯನ್ನು ಅಭಕ್ಷ್ಯವೆಂದು, ಎಂದರೆ ತಿನ್ನಬಾರದ ವಸ್ತುವೆಂದು ಎಣಿಸುವ ಜೈನ ಧರ್ಮದ ಮಹಾಕ್ಷೇತ್ರವಾಗಿದೆ. ಈ ನಿಷೇಧವನ್ನು ಕೆಲವರು ಮಣ್ಣಿನ ಕೊಳೆಯ ಮಾತೆಂದೂ, ಕೆಲವರು ಪರದೇಶದ ಪದಾರ್ಥದ ಬಗೆಗಿನ ಹಿಂಜರಿಕೆಯೆಂದೂ, ಮತ್ತೆ ಕೆಲವರು ಕಾರಣವಿಲ್ಲದ ರೂಢಿಯೆಂದೂ ವಿವರಿಸುವುದುಂಟು. ಈ ಮೂರು ವಿವರಣೆಗಳೂ ಸಾಲವು. ಏಕೆಂದರೆ ನಿಷೇಧದ ಬುಡದಲ್ಲಿರುವುದು ಕೊಳೆಯ ಪ್ರಶ್ನೆಯಲ್ಲ, ಒಂದು ಜೀವವೆಂದರೆ ಯಾವುದು, ಅದನ್ನು ಮತ್ತೊಂದರಿಂದ ಬೇರ್ಪಡಿಸಿ ಎಣಿಸುವುದು ಹೇಗೆ ಎಂಬ ತತ್ತ್ವದ ಪ್ರಶ್ನೆ.

ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿ. ಇಂದಿನ ಪೆರು ಮತ್ತು ಬೊಲಿವಿಯಾ ದೇಶಗಳ ಎತ್ತರದ ಪ್ರದೇಶದಲ್ಲಿ ಅದನ್ನು ಹಲವು ಸಾವಿರ ವರ್ಷಗಳ ಹಿಂದೆಯೇ ಒಗ್ಗಿಸಿಕೊಂಡ ಜನರು ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ಹಗಲಿನ ಬಿಸಿಲಿನಲ್ಲಿ ತುಳಿದು ನೀರು ತೆಗೆದು ಒಣಗಿಸಿ, ವರ್ಷಗಟ್ಟಲೆ ಕೆಡದೆ ಇಡುವ ವಿದ್ಯೆಯನ್ನೂ ಕಂಡುಕೊಂಡಿದ್ದರು. 16ನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಯುರೋಪನ್ನು ಸೇರಿದ ಈ ಗಡ್ಡೆ ಅನಂತರದ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂತು. ಆದುದರಿಂದ ಇಲ್ಲಿನ ಯಾವ ಪ್ರಾಚೀನ ಶಾಸ್ತ್ರವೂ ಅದನ್ನು ಹೆಸರಿಸಿ ನಿಷೇಧಿಸಿರಲು ಸಾಧ್ಯವಿಲ್ಲ. ಹೆಸರಿಸದ ವಸ್ತುವಿಗೂ ಅನ್ವಯವಾಗುವಂಥ ಲಕ್ಷಣಗಳನ್ನು ಶಾಸ್ತ್ರವು ಮೊದಲೇ ಕಟ್ಟಿಟ್ಟಿತ್ತೆಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ.

ಆ ಲಕ್ಷಣಗಳನ್ನು ನೋಡುವ ಮೊದಲು ಗಡ್ಡೆಯನ್ನೇ ನೋಡಬೇಕು. ಮಣ್ಣಿನೊಳಗೆ ಬೆಳೆದರೂ ಆಲೂಗಡ್ಡೆಯು ಬೇರಲ್ಲ, ಕಾಂಡ. ನೆಲದಡಿಯಲ್ಲಿ ಅಡ್ಡವಾಗಿ ಹರಿಯುವ ಕಾಂಡವೊಂದರ ತುದಿ ಪಿಷ್ಟವನ್ನು ತುಂಬಿಕೊಂಡು ಊದಿಕೊಂಡಾಗ ಗಡ್ಡೆಯಾಗುತ್ತದೆ. ರೈತರು ಕಣ್ಣು ಎಂದು ಕರೆಯುವ ಚಿಕ್ಕ ಗುಳಿಗಳು ವಾಸ್ತವವಾಗಿ ಆ ಕಾಂಡದ ಗೆಣ್ಣುಗಳು. ಕಬ್ಬಿನಲ್ಲಿ ಎದ್ದು ಕಾಣುವ ಗೆಣ್ಣು ಇಲ್ಲಿ ಒಳಕ್ಕೆ ಅಡಗಿದೆ, ಗೆಣ್ಣುಗಳ ನಡುವಿನ ಅಂತರ ಕುಗ್ಗಿದೆ. ಒಂದೊಂದು ಕಣ್ಣಿನಲ್ಲಿಯೂ ಮೊಗ್ಗುಗಳಿದ್ದು, ಅಗೆದ ಮೇಲೆ ಎರಡು ಮೂರು ತಿಂಗಳ ಕಾಲ ಅವು ಸುಪ್ತಾವಸ್ಥೆಯಲ್ಲಿರುತ್ತವೆ. ಆ ಅವಧಿ ಕಳೆದು ಗಡ್ಡೆ ಎಚ್ಚೆತ್ತಾಗ ತುದಿಯ ಕಣ್ಣು ಮೊದಲು ಮೊಳೆತು, ಉಳಿದ ಕಣ್ಣುಗಳ ಬೆಳವಣಿಗೆಯನ್ನು ತಡೆಹಿಡಿಯುತ್ತದೆ. ಸಸ್ಯಶಾಸ್ತ್ರಜ್ಞರು ಇದನ್ನು ತುದಿಮೊಗ್ಗಿನ ಪ್ರಾಬಲ್ಯ ಎನ್ನುತ್ತಾರೆ. ಹಾಸನದ ರೈತರು ಪಂಜಾಬಿನ ಜಲಂಧರದ ಕಡೆಯಿಂದ ಬರುವ ಬಿತ್ತನೆ ಗಡ್ಡೆಯನ್ನು ಕೊಂಡು, ದೊಡ್ಡವನ್ನು ಪ್ರತಿ ತುಂಡಿನಲ್ಲೂ ಕಣ್ಣು ಉಳಿಯುವಂತೆ ಕತ್ತರಿಸಿ ನೆಡುವಾಗ ಈ ಪ್ರಾಬಲ್ಯವೂ ಮುರಿಯುತ್ತದೆ. ಇಡಿಯಾಗಿದ್ದಾಗ ಒಂದೇ ಗಿಡದ ಶಿಸ್ತಿನಲ್ಲಿದ್ದ ಕಣ್ಣುಗಳು ಕತ್ತರಿಸಿದ ಕೂಡಲೇ ಬೇರೆ ಬೇರೆ ಗಿಡಗಳಾಗಲು ಸ್ವತಂತ್ರವಾಗುತ್ತವೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳಗೊಳದ ಕಡೆಗೆ ಹೊರಳಿದರೆ, ವಿಂಧ್ಯಗಿರಿಯ ಮೇಲೆ ಸುಮಾರು 981ರಲ್ಲಿ ಗೊಮ್ಮಟ ಮೂರ್ತಿಯನ್ನು ಸ್ಥಾಪಿಸಿದ ಗಂಗರ ಮಂತ್ರಿ ಚಾವುಂಡರಾಯನೂ ಅವನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯೂ ಎದುರಾಗುತ್ತಾರೆ. ಚಾವುಂಡರಾಯನಿಗಿದ್ದ ಗೊಮ್ಮಟ ಎಂಬ ಇನ್ನೊಂದು ಹೆಸರಿನಿಂದಲೇ ನೇಮಿಚಂದ್ರರು ಪ್ರಾಕೃತದಲ್ಲಿ ರಚಿಸಿದ ಗ್ರಂಥಕ್ಕೆ ಗೊಮ್ಮಟಸಾರ ಎಂಬ ಹೆಸರು ಬಂದಿದೆ. ಅದರ ಜೀವಕಾಂಡ ಎಂಬ ಭಾಗವು ಸಸ್ಯಗಳನ್ನು ಅವು ಹುಟ್ಟುವ ಬಗೆಯ ಆಧಾರದ ಮೇಲೆ ವಿಂಗಡಿಸುತ್ತದೆ: ಶುಂಠಿ, ಅರಿಸಿನಗಳಂತೆ ಮೂಲದಿಂದ ಹುಟ್ಟುವುವು, ಕಬ್ಬಿನಂತೆ ಗೆಣ್ಣಿನಿಂದ ಹುಟ್ಟುವುವು, ಸುವರ್ಣಗಡ್ಡೆಯಂತೆ ಕಂದದಿಂದ ಹುಟ್ಟುವುವು, ಭತ್ತದಂತೆ ಬೀಜದಿಂದ ಹುಟ್ಟುವುವು ಹೀಗೆ. ಈ ವಿಂಗಡಣೆಯ ಹಿಂದೆ ಇರುವುದು ಹೊಲವನ್ನು ಚೆನ್ನಾಗಿ ಬಲ್ಲ ಕಣ್ಣು. ಇದಾದ ಮೇಲೆ ಗ್ರಂಥವು ಸಸ್ಯಗಳಲ್ಲಿ ಮತ್ತೊಂದು, ಇನ್ನೂ ಆಳವಾದ ಭೇದವನ್ನು ಹೇಳುತ್ತದೆ. ಒಂದು ಶರೀರಕ್ಕೆ ಒಬ್ಬನೇ ಒಡೆಯನಾದ ಜೀವವಿದ್ದರೆ ಅದು ಪ್ರತ್ಯೇಕ ವನಸ್ಪತಿ. ಅನಂತ ಜೀವಗಳು ಒಂದೇ ಶರೀರವನ್ನು ಹಂಚಿಕೊಂಡು, ಒಟ್ಟಿಗೆ ಆಹಾರವನ್ನು ಪಡೆದು, ಒಟ್ಟಿಗೆ ಉಸಿರಾಡುತ್ತಿದ್ದರೆ ಅದು ಸಾಧಾರಣ ವನಸ್ಪತಿ, ಅಥವಾ ನಿಗೋದ. ಪ್ರತ್ಯೇಕ ವನಸ್ಪತಿಗಳಲ್ಲಿಯೂ ಕೆಲವು ಇಂಥ ನಿಗೋದ ಶರೀರಗಳಿಗೆ ಆಶ್ರಯವಾಗಿರುತ್ತವೆ. ಅವುಗಳಿಗೆ ಸಪ್ರತಿಷ್ಠಿತ ಎಂದು ಹೆಸರು. ಗಡ್ಡೆಗಳನ್ನು ಜೈನರು ಅನಂತಕಾಯ ಎಂದು ತ್ಯಜಿಸುವುದು ಈ ಕಾರಣದಿಂದ.

ಯಾವ ಸಸ್ಯ ಯಾವ ವರ್ಗಕ್ಕೆ ಸೇರಿದ್ದೆಂದು ತಿಳಿಯುವುದಕ್ಕೆ ಜೀವಕಾಂಡವು ಕೊಡುವ ಗುರುತುಗಳು ಬೆರಗು ಹುಟ್ಟಿಸುತ್ತವೆ. ನರ, ಸಂದು ಮತ್ತು ಗೆಣ್ಣುಗಳು ಹೊರಗೆ ಕಾಣದೆ ಅಡಗಿರುವುದು, ಮುರಿದರೆ ಸಮವಾಗಿ ಮುರಿಯುವುದು, ಮುರಿದಲ್ಲಿ ನಾರು ಎಳೆಯದಿರುವುದು, ಕತ್ತರಿಸಿದರೂ ಮತ್ತೆ ಬೆಳೆಯುವುದು, ಇವು ಆಶ್ರಯ ಸಸ್ಯದ ಚಿಹ್ನೆಗಳು. ಕೊನೆಯ ಗುಣಕ್ಕೆ ಛಿನ್ನರುಹ, ಎಂದರೆ ಕಡಿದರೂ ಚಿಗುರುವುದು, ಎಂಬ ಪಾರಿಭಾಷಿಕ ಪದವೇ ಇದೆ. ಅಡಗಿದ ಗೆಣ್ಣು, ಸಮವಾದ ಮುರಿತ, ನಾರಿಲ್ಲದ ತಿರುಳು, ತುಂಡಿನಿಂದ ಹುಟ್ಟುವ ಗಿಡ ಎಂಬ ನಾಲ್ಕೂ ಗುರುತುಗಳು, ನೇಮಿಚಂದ್ರರು ಎಂದೂ ಕಂಡಿರದ, ಅವರ ಕಾಲಕ್ಕಿಂತ ಆರು ಶತಮಾನಗಳಷ್ಟು ತಡವಾಗಿ ಈ ನಾಡಿನ ಕಡೆಗೆ ಬಂದ ಆಲೂಗಡ್ಡೆಯಲ್ಲಿ ಒಟ್ಟಾಗಿ ಕೂಡಿವೆ.

ಹಾಗಾದರೆ ವಿಜ್ಞಾನವು ಜೈನ ನಿಯಮವನ್ನು ಸಾಬೀತುಪಡಿಸಿತೇ? ಹೀಗೆ ಹೇಳಿಕೊಳ್ಳುವವರು ಇದ್ದಾರೆ. ನಿಗೋದವೆಂದರೆ ಬ್ಯಾಕ್ಟೀರಿಯವೇ ಎಂದು ಬರೆಯುವವರೂ ಇದ್ದಾರೆ. ಈ ಸಮೀಕರಣ ನಿಲ್ಲುವುದಿಲ್ಲ. ಪ್ರತಿ ಬ್ಯಾಕ್ಟೀರಿಯಕ್ಕೂ ತನ್ನದೇ ಆದ ಶರೀರವಿದೆ, ಸೂಕ್ಷ್ಮದರ್ಶಕದಲ್ಲಿ ಅದನ್ನು ಎಣಿಸಬಹುದು; ನಿಗೋದವಾದರೋ ಒಂದು ಉಸಿರಿನ ಅವಧಿಯಲ್ಲಿ ಹದಿನೆಂಟು ಸಲ ಹುಟ್ಟಿ ಸಾಯುವ, ಶರೀರವನ್ನು ಹಂಚಿಕೊಂಡ ಅನಂತ ಆತ್ಮಗಳ ಸಮೂಹ. ಆತ್ಮವನ್ನು ಅಳೆಯುವ ಉಪಕರಣವಿಲ್ಲದ ವಿಜ್ಞಾನವು ಅನಂತವೆಂಬ ಮಾತನ್ನು ಒಪ್ಪಲೂ ಆರದು, ಅಲ್ಲಗಳೆಯಲೂ ಆರದು. ಆದರೆ ಒಂದು ಗಡ್ಡೆಯನ್ನು ಒಂದೇ ಜೀವಿ ಎಂದು ಹೇಳುವುದು ಕಷ್ಟ ಎಂಬ ಮಟ್ಟಿಗೆ ಎರಡೂ ಒಂದೆಡೆ ಸೇರುತ್ತವೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು 1968ರಲ್ಲಿ ಬಿಡುಗಡೆ ಮಾಡಿದ, ಹಾಸನದ ರೈತರು ತಲೆಮಾರುಗಳಿಂದ ನೆಚ್ಚಿಕೊಂಡ ಕುಫ್ರಿ ಜ್ಯೋತಿ ತಳಿಯ ಗಿಡಗಳೆಲ್ಲ ತುಂಡಿನಿಂದ ತುಂಡಿಗೆ ಮುಂದುವರಿದವಾದ್ದರಿಂದ, ಜಲಂಧರದ ಹೊಲವನ್ನೂ ಹಾಸನ ಜಿಲ್ಲೆಯ ಅರಕಲಗೂಡಿನ ಹೊಲವನ್ನೂ ಸೇರಿಸಿ ಅವನ್ನು ಅನುವಂಶಶಾಸ್ತ್ರವು ಹೆಚ್ಚುಕಡಿಮೆ ಒಂದೇ ಸಸ್ಯವೆಂದು ಎಣಿಸುತ್ತದೆ. ಬೇರು ಬಿಟ್ಟ ಪ್ರತಿಯೊಂದು ಗಿಡವನ್ನೂ ಬೇರೆಯೆಂದು ಎಣಿಸುವ ರೈತನ ಲೆಕ್ಕವೂ ಸರಿಯೇ. ಇದೂ ಸಾಲದೆಂಬಂತೆ, ಸುಮಾರು 90 ಲಕ್ಷ ವರ್ಷಗಳ ಹಿಂದೆ ಟೊಮೇಟೊ ವಂಶದ ಸಸ್ಯವೊಂದು ಗಡ್ಡೆ ಬಿಡದ ಇನ್ನೊಂದು ವಂಶದೊಡನೆ ಬೆರೆತುದರಿಂದ ಆಲೂಗಡ್ಡೆಯ ವಂಶವೇ ಹುಟ್ಟಿತೆಂದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ; ಗಡ್ಡೆ ಕಟ್ಟುವ ಶಕ್ತಿ ಬಂದದ್ದು ಎರಡೂ ಕಡೆಯ ಅನುವಂಶಿಕ ಗುಣಗಳು ಕೂಡಿದ್ದರಿಂದ.

ನಿಯಮದ ವಿರುದ್ಧ ಎತ್ತಬಹುದಾದ ಬಲವಾದ ಆಕ್ಷೇಪವೊಂದು ಅದೇ ಸೀಮೆಯ ಊಟದ ತಟ್ಟೆಯಲ್ಲಿದೆ. 1000 ರಾಗಿ ಕಾಳುಗಳ ತೂಕ ಸುಮಾರು 3 ಗ್ರಾಂ. ಆದುದರಿಂದ 100 ಗ್ರಾಂ ಹಿಟ್ಟಿನಿಂದ ತೊಳಸಿದ ಒಂದು ಮುದ್ದೆಯಲ್ಲಿ 30,000ಕ್ಕೂ ಹೆಚ್ಚು ಕಾಳುಗಳಿರುತ್ತವೆ, ಪ್ರತಿ ಕಾಳಿನೊಳಗೂ ಒಂದು ಭ್ರೂಣವಿರುತ್ತದೆ. ಹತ್ತಾರು ಕಣ್ಣುಗಳ ಗಡ್ಡೆ ತ್ಯಾಜ್ಯವಾಗಿ ಮುದ್ದೆ ಗ್ರಾಹ್ಯವಾಗುವುದು ಹೇಗೆ? ಧಾನ್ಯದ ಗಿಡ ತನ್ನ ಆಯುಸ್ಸು ತೀರಿ ಒಣಗಿದ ಮೇಲೆ ಕೊಯ್ಲಾಗುತ್ತದೆ, ಗಡ್ಡೆ ಕೀಳುವಾಗ ಗಿಡ ಸಾಯುತ್ತದೆ ಎಂಬ ಉತ್ತರವನ್ನು ಸಾಮಾನ್ಯವಾಗಿ ಕೊಡುತ್ತಾರೆ. ಆಲೂಗಡ್ಡೆಯ ಮಟ್ಟಿಗೆ ಈ ಉತ್ತರ ದುರ್ಬಲ, ಏಕೆಂದರೆ ಸೊಪ್ಪು ಒಣಗಿ ಸಿಪ್ಪೆ ಗಟ್ಟಿಯಾದ ಮೇಲೆಯೇ ಅದನ್ನೂ ಅಗೆಯುತ್ತಾರೆ. ಶಾಸ್ತ್ರದ ನಿಜವಾದ ಉತ್ತರ ಬೇರೆ: ಕಾಳು ಎಷ್ಟೇ ಇದ್ದರೂ ಅದು ಪ್ರತ್ಯೇಕ, ಎಣಿಕೆಗೆ ಸಿಗುವಂಥದು, ಗಡ್ಡೆಯಲ್ಲಿರುವುದು ಅನಂತ. ಈ ಉತ್ತರವನ್ನು ಒಪ್ಪುವುದು ಬಿಡುವುದು ಶ್ರದ್ಧೆಗೆ ಸೇರಿದ್ದು, ಆದರೆ ಅದರೊಳಗಿನ ತರ್ಕದಲ್ಲಿ ಬಿರುಕಿಲ್ಲ. ಗಡ್ಡೆ ಅಗೆಯುವಾಗ ಮಣ್ಣಿನ ಹುಳುಹುಪ್ಪಟೆಗಳು ಸಾಯುತ್ತವೆಂಬ ಕಾರಣವು ಇದಕ್ಕೆ ಪೂರಕವಾಗಿ ಬರುತ್ತದೆ; ಒಣಗಿದ ಶುಂಠಿ ಮತ್ತು ಅರಿಸಿನಕ್ಕೆ ಅನೇಕ ಜೈನ ಮನೆಗಳಲ್ಲಿ ವಿನಾಯಿತಿ ಇರುವುದಕ್ಕೆ ಅವು ಒಣಗಿ ನಿರ್ಜೀವವಾಗಿರುವುದೂ ಅವನ್ನು ಅಲ್ಪ ಪ್ರಮಾಣದಲ್ಲಿ ಬಳಸುವುದೂ ಕಾರಣ.

ವೈದಿಕ ಸಂಪ್ರದಾಯದ ಮನೆಗಳಲ್ಲಿ ಇದೇ ಗಡ್ಡೆ ಬೇರೆಯ ಪಾಡನ್ನು ಅನುಭವಿಸಿದೆ. ಕರ್ನಾಟಕದ ಅನೇಕ ಬ್ರಾಹ್ಮಣ ಮನೆಗಳ ಶ್ರಾದ್ಧದ ಅಡಿಗೆಯಲ್ಲಿ ಆಲೂಗಡ್ಡೆ, ಟೊಮೇಟೊ, ಮೆಣಸಿನಕಾಯಿಗಳಿಗೆ ಪ್ರವೇಶವಿಲ್ಲ, ಖಾರಕ್ಕೆ ಕರಿಮೆಣಸೇ ಬೇಕು. ಪಿತೃಗಳು ಅರಿಯದ ಪದಾರ್ಥವನ್ನು ಅವರಿಗೆ ಬಡಿಸಬಾರದೆಂಬ ಭಾವವೇ ಇದರ ಆಧಾರ. ಮಹಾರಾಷ್ಟ್ರದ ಉಪವಾಸದ ಸಾಬುದಾನಿ ಖಿಚಡಿಯಲ್ಲಾದರೋ ಸಾಬುದಾನಿಯನ್ನು ಕೊಡುವ ಮರಗೆಣಸು, ಕಡಲೆಕಾಯಿ, ಆಲೂಗಡ್ಡೆ, ಹಸಿಮೆಣಸಿನಕಾಯಿ ಈ ನಾಲ್ಕೂ ಅಮೆರಿಕ ಖಂಡದಿಂದ ಬಂದವು. ಹೊಸತೆಂಬ ಕಾರಣದಿಂದಲೇ ಒಂದೆಡೆ ನಿಷಿದ್ಧವಾದದ್ದು, ಧಾನ್ಯವಲ್ಲವೆಂಬ ಕಾರಣದಿಂದ ಇನ್ನೊಂದೆಡೆ ವ್ರತಕ್ಕೆ ಯೋಗ್ಯವಾಯಿತು.

ಇವೆರಡಕ್ಕಿಂತ ಆಳವಾದ ಚರ್ಚೆ ಛಾಂದೋಗ್ಯ ಉಪನಿಷತ್ತಿನ ಏಳನೆಯ ಅಧ್ಯಾಯದ ಸುತ್ತ ನಡೆದಿದೆ. ಸನತ್ಕುಮಾರನು ನಾರದನಿಗೆ ಮಾಡುವ ಉಪದೇಶದಲ್ಲಿ ಆಹಾರದ ಶುದ್ಧಿಗೂ ಅಂತಃಕರಣದ ಶುದ್ಧಿಗೂ ಸಂಬಂಧ ಕಲ್ಪಿಸಲಾಗಿದೆ. ರಾಮಾನುಜರ ಪರಂಪರೆಯು ಇಲ್ಲಿ ಆಹಾರವೆಂದರೆ ಊಟವೆಂದೇ ಹಿಡಿದು, ವಸ್ತುವಿನ ಸ್ವಭಾವದಿಂದ ಬರುವ ಜಾತಿದೋಷ, ಅದನ್ನು ಕೊಡುವವನಿಂದ ಬರುವ ಆಶ್ರಯದೋಷ, ಕೂದಲು ಎಂಜಲುಗಳ ಸಂಪರ್ಕದಿಂದ ಬರುವ ನಿಮಿತ್ತದೋಷ ಎಂದು ಮೂರನ್ನು ವಿವರಿಸುತ್ತದೆ. ಶಂಕರರಾದರೋ ಇಂದ್ರಿಯಗಳು ಒಳಕ್ಕೆ ತಂದುಕೊಳ್ಳುವ ಶಬ್ದಾದಿ ವಿಷಯಗಳ ಅರಿವೇ ಆಹಾರವೆಂದೂ, ಅದು ರಾಗ, ದ್ವೇಷ, ಮೋಹಗಳಿಂದ ಬಿಡುಗಡೆಯಾಗುವುದೇ ಶುದ್ಧಿಯೆಂದೂ ಹೇಳುತ್ತಾರೆ. ಶಂಕರಭಾಷ್ಯಗಳನ್ನು ಕನ್ನಡಕ್ಕೆ ತಂದ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವು 1937ರಲ್ಲಿ ಹೇಮಾವತಿಯ ದಡದ ಹೊಳೆನರಸೀಪುರಕ್ಕೆ ಬಂದು ನೆಲೆಸಿತಾದ್ದರಿಂದ, ಈ ವ್ಯಾಖ್ಯಾನವನ್ನು ಕನ್ನಡದಲ್ಲಿ ವಿಚಾರ ಮಾಡುವ ಕೆಲಸವೂ ಇದೇ ಜಿಲ್ಲೆಯಲ್ಲಿ ನಡೆದಂತಾಯಿತು. ರಾಮಾನುಜರಿಗೆ ದೋಷ ಇರುವುದು ತಿನ್ನುವ ವಸ್ತುವಿನಲ್ಲಿ ಮತ್ತು ಅದರ ಸಂಪರ್ಕದಲ್ಲಿ, ಶಂಕರರಿಗೆ ತಿನ್ನುವವನ ಮನಸ್ಸಿನಲ್ಲಿ. ತಿನ್ನಿಸಿಕೊಳ್ಳುವ ಜೀವಕ್ಕೆ ಏನಾಗುತ್ತದೆ ಎಂದು ಗಡ್ಡೆಯನ್ನು ಮುಂದಿಟ್ಟುಕೊಂಡು ಕೇಳುವುದು ಜೈನಮತ ಮಾತ್ರ, ಅದರ ಹಿರಿಮೆಯೂ ಅಲ್ಲಿಯೇ ಇದೆ.

ಆದರೂ ಜೈನ ವಿಚಾರವು ಜೀವಗಳ ಎಣಿಕೆಯಲ್ಲಿಯೇ ಮುಗಿಯುವುದಿಲ್ಲ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಕೇವಲ ಪ್ರಾಣಹಾನಿಯೆಂದು ಹೇಳದೆ, ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ ಮತ್ತು ಕಷಾಯಗಳ, ಎಂದರೆ ಕ್ರೋಧ, ಲೋಭ ಮುಂತಾದ ಮನೋವಿಕಾರಗಳ ವಶವಾಗಿ ಮಾಡಿದ ಪ್ರಾಣಹಾನಿಯೆಂದು ನಿರೂಪಿಸುತ್ತದೆ. ಈ ಹಂತದಲ್ಲಿ ಅದು ಶಂಕರರ ರಾಗದ್ವೇಷಗಳ ಮಾತಿಗೆ ಹತ್ತಿರ ಬರುತ್ತದೆ. ಗೃಹಸ್ಥನ ಬಾಳಿನಲ್ಲಿ ತಪ್ಪಿಸಲಾಗದ ಉದ್ಯೋಗದ ಹಿಂಸೆಯನ್ನು ಬೇಕೆಂದೇ ಮಾಡುವ ಹಿಂಸೆಯಿಂದ ಬೇರ್ಪಡಿಸುವುದೂ ಇದೇ ವಿವೇಕದಿಂದ. ಜನರಿಗೆ ಕೃಷಿಯನ್ನು ಕಲಿಸಿದವನು ಆದಿ ತೀರ್ಥಂಕರ ವೃಷಭನಾಥನೇ ಎಂದು ಜೈನ ಪುರಾಣಗಳು ಹೇಳುತ್ತವೆ. ವಿಂಧ್ಯಗಿರಿಯಲ್ಲಿ ಗೊಮ್ಮಟನಾಗಿ ನಿಂತಿರುವ ಬಾಹುಬಲಿ ಆ ವೃಷಭನ ಮಗ. ಆದುದರಿಂದ ಆಲೂಗಡ್ಡೆಯ ನಿಷೇಧವನ್ನು ಅದನ್ನು ಬೆಳೆಯುವ ರೈತನ ಮೇಲಿನ ತೀರ್ಪಾಗಿ ಓದುವುದು ತಪ್ಪು. ಆ ರೈತನ ಸಂಕಟವೂ ಜೀವಗಳ ಏಕತ್ವದ ಸಮಸ್ಯೆಯಿಂದಲೇ ಹುಟ್ಟಿದ್ದು: ಹೊಲದ ಗಿಡಗಳೆಲ್ಲ ಒಂದೇ ಅನುವಂಶದವಾದ್ದರಿಂದ ಒಂದನ್ನು ಕೊಲ್ಲಬಲ್ಲ ಅಂಗಮಾರಿ ರೋಗ ಎಲ್ಲವನ್ನೂ ಕೊಲ್ಲಬಲ್ಲದು. 1845ರಿಂದ ಐರ್ಲೆಂಡಿನಲ್ಲಿ ಬೆಳೆಯನ್ನು ನಾಶಮಾಡಿ ಸುಮಾರು ಹತ್ತು ಲಕ್ಷ ಜನರ ಸಾವಿಗೆ ಕಾರಣವಾದ ರೋಗಾಣುವೇ ಮುಂಗಾರಿನ ಮೋಡ, ತೇವ, ತಂಪು ಕೂಡಿದಾಗ ಹಾಸನದ ಹೊಲಗಳಲ್ಲಿಯೂ ಹಬ್ಬುತ್ತದೆ. ಈ ರೋಗದ ಹೊಡೆತಕ್ಕೆ ಸಿಕ್ಕು ಜಿಲ್ಲೆಯ ಅನೇಕ ಕೃಷಿಕರು ಮುಸುಕಿನ ಜೋಳ, ಶುಂಠಿಗಳ ಕಡೆಗೆ ತಿರುಗಿದ್ದಾರೆ.

ಗೊಮ್ಮಟಸಾರಕ್ಕೆ ಕೇಶವವರ್ಣಿಯು 1359ರಲ್ಲಿಯೇ ಕನ್ನಡ ವೃತ್ತಿಯನ್ನು, ಎಂದರೆ ವಿವರವಾದ ವ್ಯಾಖ್ಯಾನವನ್ನು ಬರೆದಿದ್ದಾನೆ. ಸಸ್ಯಜೀವದ ಬಗೆಗೆ ಕನ್ನಡವು ಇಷ್ಟು ಹಿಂದೆಯೇ ಇಷ್ಟು ಸೂಕ್ಷ್ಮವಾಗಿ ಮಾತಾಡಿತ್ತೆಂಬುದು ಜೈನ ವಿದ್ವಾಂಸರ ವಲಯದಾಚೆಗೂ ತಿಳಿಯಬೇಕು. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡುಗಳ ಕಾಲೇಜುಗಳಲ್ಲಿ ಸಸ್ಯಶಾಸ್ತ್ರವನ್ನೂ ಕನ್ನಡವನ್ನೂ ಕಲಿಸುವ ಅಧ್ಯಾಪಕರು ಒಟ್ಟಿಗೆ ಕುಳಿತು, ಆ ವೃತ್ತಿಯ ವನಸ್ಪತಿ ಪ್ರಕರಣವನ್ನು ಒಂದು ಬಿತ್ತನೆ ಗಡ್ಡೆಯನ್ನು ಮುಂದಿಟ್ಟುಕೊಂಡು ವಿದ್ಯಾರ್ಥಿಗಳಿಗೆ ಓದಿಸಬೇಕು.