ಒಡತಿಯೂ ಒಡನಾಡಿಯೂ

ಅನ್ನವನ್ನು ಹಂಚಿ ಉಣ್ಣುವ ಮನೆಗಳಲ್ಲಿಯೂ ಅರಿವನ್ನು ಹಂಚುವಾಗ ಕೈ ಹಿಂಜರಿಯುವುದುಂಟು. ದಾಸೋಹವೆಂಬುದು ಪಂಕ್ತಿಯ ಎಲೆಗೇ ಮುಗಿಯುವುದಾದರೆ ಅದು ಅರ್ಧ ದಾಸೋಹವೇ ಸರಿ. ಈ ಹಿಂಜರಿಕೆಯೇ ಕಾನೂನಾಗಿ ನಿಂತಿದ್ದ ದೂರದ ನಾಡೊಂದರಲ್ಲಿ ಇಬ್ಬರು ಬಾಲೆಯರ ನಡುವೆ ನಡೆದ ಸಂಗತಿಯನ್ನು ಸದ್ಭಕ್ತರು ಕೇಳತಕ್ಕದ್ದಾಗಿದೆ.

ಅಮೇರಿಕದ ದಕ್ಷಿಣ ಕೆರೊಲಿನಾ ಪ್ರಾಂತದ ಚಾರ್ಲ್ಸ್‌ಟನ್ ನಗರದಲ್ಲಿ 1792ರಲ್ಲಿ ಜನಿಸಿದ ಸಾರಾ ಗ್ರಿಮ್ಕೆ ನ್ಯಾಯಾಧೀಶರೊಬ್ಬರ ಮಗಳು. ಆ ಮನೆಯ ಸಿರಿಯೆಲ್ಲವೂ ಗುಲಾಮರ ದುಡಿಮೆಯಿಂದ ಬಂದುದು. ಅವರು ಕೂಲಿಯಾಳುಗಳಲ್ಲ, ದನಕರುಗಳಂತೆ, ಪಾತ್ರೆಪಡಗದಂತೆ ಒಡೆಯನ ಆಸ್ತಿಯೆಂದು ಎಣಿಸಲ್ಪಟ್ಟವರು. ಸಾರಾಳ ಸೇವೆಗೆಂದು ನೇಮಿಸಲ್ಪಟ್ಟ ಹೆಟ್ಟಿ ಎಂಬ ಹುಡುಗಿಯೂ ಅಂತಹವಳೇ. ವಯಸ್ಸು ಇಬ್ಬರನ್ನೂ ಗೆಳತಿಯರನ್ನಾಗಿಸಿತು, ಕಾನೂನು ಒಬ್ಬಳನ್ನು ಇನ್ನೊಬ್ಬಳ ಸ್ವತ್ತನ್ನಾಗಿಸಿತ್ತು.

ಭಾನುವಾರಗಳಲ್ಲಿ ಗುಲಾಮರ ಮಕ್ಕಳಿಗೆ ಧರ್ಮಗ್ರಂಥದ ಮಾತುಗಳನ್ನು ಬಾಯಿಪಾಠವಾಗಿ ಹೇಳಿಕೊಡಲು ಸಾರಾಳಿಗೆ ಅಡ್ಡಿಯಿರಲಿಲ್ಲ. ಓದಲು ಕಲಿಸುವುದು ಮಾತ್ರ ಕೂಡದು. ಗುಲಾಮರಿಗೆ ಬರವಣಿಗೆ ಕಲಿಸಿದವರಿಗೆ 100 ಪೌಂಡ್ ದಂಡವನ್ನು ಆ ಪ್ರಾಂತದ 1740ರ ಶಾಸನವೇ ವಿಧಿಸಿತ್ತು. ದೇವರ ಮಾತು ಕಿವಿಗೆ ಬೀಳಬಹುದು, ಕಣ್ಣಿಗೆ ಬೀಳಬಾರದು! ಅಕ್ಷರ ಬಲ್ಲವನು ಒಡೆಯನ ಅರ್ಥವನ್ನೇ ಅರ್ಥವೆಂದು ಒಪ್ಪುವನೆ? ಭಯವಿದ್ದುದು ಅಲ್ಲಿಯೇ.

ರಾತ್ರಿ ಸಾರಾಳ ತಲೆ ಬಾಚುವ ನೆಪದಲ್ಲಿ ಹೆಟ್ಟಿ ಕೋಣೆಗೆ ಬರುವಳು. ದೀಪವಾರಿಸಿ, ಬೀಗದ ಕಿಂಡಿಯನ್ನು ಮುಚ್ಚಿ, ಒಲೆಯ ಬೆಂಕಿಯ ಬೆಳಕಿನಲ್ಲಿ ಇಬ್ಬರೂ ನೆಲದ ಮೇಲೆ ಬೋರಲಾಗಿ ಮಲಗಿ ಅಕ್ಷರಮಾಲೆಯ ಪುಸ್ತಕವನ್ನು ತೆರೆಯುವರು. ಲ್ಯಾಟಿನ್ ಕಲಿಯಬೇಕೆಂಬ ತನ್ನ ಬಯಕೆಯನ್ನು ಹೆಣ್ಣೆಂಬ ಕಾರಣಕ್ಕೆ ಮನೆಯವರು ತಡೆದ ನೋವು ಸಾರಾಳಿಗೂ ಇತ್ತು. ಆದರೆ ಎರಡು ನೋವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಗುಟ್ಟು ಬಯಲಾಯಿತು. ಸಾರಾಳಿಗೆ ದೊರೆತದ್ದು ತಂದೆಯ ಉಪದೇಶ. ಹೆಟ್ಟಿ ಚಾವಟಿಯೇಟಿನಿಂದ ಕೂದಲೆಳೆಯಲ್ಲಿ ಪಾರಾದಳು. ಪುಸ್ತಕ ಒಂದೇ, ಬೆಂಕಿಯೂ ಒಂದೇ, ಆದರೆ ಒಬ್ಬಳ ಬೆನ್ನು ಮಾತ್ರ ಅಪಾಯದಲ್ಲಿತ್ತು. ಒಡೆತನ ಅಳಿಯದೆ ಉಳಿದಿರುವಾಗ ಒಡತಿಯ ಸ್ನೇಹವೂ ಒಡನಾಡಿಗೆ ಗಂಡಾಂತರವಾಗಬಲ್ಲದೆಂಬುದನ್ನು ಬಾಲೆ ಸಾರಾ ಅಂದು ಎಷ್ಟರಮಟ್ಟಿಗೆ ಅರಿತಳೋ! ಹೆಟ್ಟಿ ಬಿಡುಗಡೆಯನ್ನು ಕಾಣದೆ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಳು.

ಅರಿವು ಆಚಾರವಾಗಲು ಸಾರಾಳಿಗೆ ಬಹುಕಾಲ ಹಿಡಿಯಿತು. 1821ರಲ್ಲಿ ಆಕೆ ತವರನ್ನು ತೊರೆದು ಫಿಲಡೆಲ್ಫಿಯಕ್ಕೆ ನಡೆದಳು. ತಂಗಿ ಆಂಜೆಲಿನಾಳೊಡನೆ ಗುಲಾಮಪದ್ಧತಿಯ ವಿರುದ್ಧ ಊರೂರಿನ ಸಭೆಗಳನ್ನು ಕಂಡಳು. ತಾವು ಹುಟ್ಟಿದ ವರ್ಗದ ಕ್ರೌರ್ಯಗಳಿಗೆ ಅಕ್ಕತಂಗಿಯರು ನುಡಿದ ಸಾಕ್ಷ್ಯ 1839ರಲ್ಲಿ ಅಚ್ಚಾಯಿತು. 1865ರಲ್ಲಿ ಸಂವಿಧಾನದ ಹದಿಮೂರನೆಯ ತಿದ್ದುಪಡಿ ಆ ಪದ್ಧತಿಯನ್ನು ರದ್ದುಗೊಳಿಸಿತು.

ಮೂರು ವರ್ಷಗಳ ತರುವಾಯ, ತಮ್ಮ ಸೋದರನಿಗೆ ಗುಲಾಮಳಾಗಿದ್ದ ಹೆಂಗಸಿನಲ್ಲಿ ಜನಿಸಿದ ಗಂಡುಮಕ್ಕಳಿರುವರೆಂದು ಅಕ್ಕತಂಗಿಯರಿಗೆ ತಿಳಿಯಿತು. ಲೋಕ ನಗುವುದೆಂದು ಅವರು ಬಾಗಿಲು ಹಾಕಿಕೊಳ್ಳಲಿಲ್ಲ. ಅಳಿಯಂದಿರೆಂದು ಎಲ್ಲರೆದುರು ಒಪ್ಪಿ ಮನೆಗೆ ಬರಮಾಡಿಕೊಂಡು, ಅವರ ವ್ಯಾಸಂಗಕ್ಕೆ ನೆರವಾದರು. ಆಗ ಸಾರಾಳಿಗೆ ಎಪ್ಪತ್ತೈದು ದಾಟಿತ್ತು. ಅವರಲ್ಲಿ ಹಿರಿಯನಾದ ಆರ್ಚಿಬಾಲ್ಡ್ ಮುಂದೆ ಹಾರ್ವರ್ಡಿನಲ್ಲಿ ನ್ಯಾಯಶಾಸ್ತ್ರವನ್ನು ಓದಿದನು.