ತಟ್ಟೆಯ ಮೇಲಿನ ಸ್ಮಾರಕ

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಹೊಸ ಮನೆಗಳ ಹಜಾರಗಳಲ್ಲಿ ಗೋಡೆಗೆ ತೂಗುಹಾಕಿದ ಪಿಂಗಾಣಿ ತಟ್ಟೆಗಳನ್ನು ನಾವು ಕಾಣುತ್ತೇವೆ. ಅವುಗಳ ಮೇಲೆ ಬ್ರಿಟಿಷರ ಕಾಲದ ಛಾಯಾಚಿತ್ರಗಳು: ತಾಜಮಹಲು, ಗೋಲಗುಂಬಜ್, ಹಂಪಿಯ ಕಲ್ಲಿನ ರಥ. ತಟ್ಟೆ, ದಖನಿಯವರ ರಕಾಬಿ, ಇರುವುದು ಅನ್ನ ಬಡಿಸುವುದಕ್ಕೆ. ಅನ್ನ ಕಾಣದ ಈ ತಟ್ಟೆಯಿಂದ ನಾವು ಉಣ್ಣುತ್ತಿರುವುದಾದರೂ ಏನನ್ನು?

ಸೌಂದರ್ಯವನ್ನು ಎಂದರೆ ತಪ್ಪಲ್ಲ. ಆದರೆ ಆ ಚಿತ್ರಗಳಲ್ಲಿ ಜನ ಏಕಿಷ್ಟು ಕಡಿಮೆ? 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಹಂಪಿಯನ್ನು ಮೇಣ ಹಚ್ಚಿದ ಕಾಗದದ ಮೇಲೆ ಸೆರೆಹಿಡಿದ. ಆ ವಿಧಾನದಲ್ಲಿ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕಿತ್ತು. ನಿಂತ ಕಲ್ಲು ಮೂಡುತ್ತಿತ್ತು. ನಡೆದು ಹೋದವನು, ಹೊರೆ ಹೊತ್ತವಳು ಅಳಿಸಿಹೋಗುತ್ತಿದ್ದರು. ದುಡಿಯುವವರಿಲ್ಲದ ಆ ನಿಶ್ಶಬ್ದವನ್ನೇ ನಾವು ಇತಿಹಾಸವೆಂದು ನಂಬುತ್ತೇವೆ.

ಬೀದರಿನ ಮಹಮೂದ್ ಗವಾನನ ಮದರಸವನ್ನು ನೆನೆಯೋಣ. 1472ರಲ್ಲಿ ಮುಗಿದ ಆ ಕಟ್ಟಡದ ಮುಂಭಾಗಕ್ಕೆ ನೀಲಿ, ಹಸಿರು, ಹಳದಿ, ಬಿಳಿ ಬಣ್ಣದ ಮೆರುಗಿನ ಹೆಂಚುಗಳನ್ನು ಹೊದಿಸಿದ್ದರು. ಅದೂ ಪಿಂಗಾಣಿಯ ಬಳಗದ ಕಲೆಯೇ. ಮೂರು ಸಾವಿರ ಗ್ರಂಥಗಳಿದ್ದವೆಂದು ಹೇಳುವ ಆ ವಿದ್ಯಾಲಯದ ಒಂದು ಮಿನಾರು ಉಳಿದಿದೆ, ಇನ್ನೊಂದು ಇಲ್ಲ. ಹಳೆಯ ಛಾಯಾಚಿತ್ರದ ಮೂಲಕ ಅದು ತಟ್ಟೆಗೆ ಬಂದರೆ ನೀಲಿಯೂ ಕಂದಾಗುತ್ತದೆ. ಗವಾನ ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿಗಳ ಪ್ರಧಾನಿಯಾದವನು. ಸ್ಥಳೀಯರು, ಹೊರಗಿನವರು ಎಂಬ ದರ್ಬಾರಿನ ಜಗಳದಲ್ಲಿ ಒಂದು ಖೋಟಾ ಪತ್ರಕ್ಕೆ ಬಲಿಯಾಗಿ 1481ರಲ್ಲಿ ತಲೆಕೊಟ್ಟವನು. ಹೊರಗಿನವನು ಯಾರು ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಇಂದಿಗೂ ಏಳುತ್ತದೆ. ತಟ್ಟೆ ಮಿನಾರನ್ನು ತೋರಿಸುತ್ತದೆ, ಆ ಪ್ರಶ್ನೆಯನ್ನು ತೋರಿಸುವುದಿಲ್ಲ.

ವೈಟ್‌ಫೀಲ್ಡ್ ಕೂಡ ಹೊರಗಿನವರೆನಿಸಿಕೊಂಡವರ ಊರೇ. ಚಾಮರಾಜ ಒಡೆಯರು ಕೊಟ್ಟ ಭೂಮಿಯಲ್ಲಿ 1882ರಲ್ಲಿ ಡಿ. ಎಸ್. ವೈಟ್ ಅವರ ಮುಂದಾಳತ್ವದಲ್ಲಿ ಆಂಗ್ಲೋ-ಇಂಡಿಯನ್ನರು ಒಕ್ಕಲುತನಕ್ಕೆಂದು ನೆಲೆ ಕಟ್ಟಿಕೊಂಡರು. ಇನ್ನರ್ ಸರ್ಕಲ್ಲಿನ ಅವರ ಹೆಂಚಿನ ಮನೆಗಳಲ್ಲಿ ಹಲವು ಈಗಿಲ್ಲ. ದೂರದ ಆಗ್ರಾ ಗೋಡೆಯ ಮೇಲಿದೆ. ಬೀದಿಯಾಚೆಯ ಮನೆ ಉರುಳಿದಾಗ ನಮಗೆ ತಿಳಿಯುವುದೂ ಇಲ್ಲ. ಕಣ್ಣಿಗೆ ಹಿತವಾಗಿ, ಏನನ್ನೂ ಕೇಳದ ಪರಂಪರೆಯನ್ನಷ್ಟೇ ಪ್ರೀತಿಸುವುದು ಪ್ರೀತಿಯೆನಿಸೀತೇ?

ಹಾಗೆಂದು ತಟ್ಟೆಗಳನ್ನು ಕೆಳಗಿಳಿಸಬೇಕೆಂದು ನಾವು ಹೇಳುವುದಿಲ್ಲ. ಬಿಜಾಪುರದಿಂದ ಕೆಲಸಕ್ಕೆ ಬಂದ ಹುಡುಗನೊಬ್ಬನಿಗೆ ಗೋಲಗುಂಬಜಿನ ಚಿತ್ರ ತವರಿನ ನೆನಪಾದೀತು. ಏನೂ ನೆನಪಿಲ್ಲದಿರುವುದಕ್ಕಿಂತ ಅಷ್ಟಾದರೂ ಇರುವುದು ಲೇಸು. ಚಿತ್ರವನ್ನು ಇಟ್ಟುಕೊಂಡಿದ್ದರಿಂದ ಋಣ ತೀರಿತೆಂದುಕೊಳ್ಳುವುದೇ ಕೇಡು. ಗುಮ್ಮಟದ ಕಲ್ಲು ಹೊತ್ತವರ ಹೆಸರನ್ನು ಇತಿಹಾಸ ಉಳಿಸಲಿಲ್ಲ. ಅದಕ್ಕೆ ನಾವು ಹೊಣೆಯಲ್ಲ. ಆದರೆ ನಮ್ಮ ಮನೆಯ ಗೋಡೆ ಎಬ್ಬಿಸಿದ ಬೀದರ, ರಾಯಚೂರು, ಬಿಹಾರ, ಬಂಗಾಳದ ಕೂಲಿಗಳು ಇದೇ ಊರಿನ ತಗಡಿನ ಶೆಡ್ಡುಗಳಲ್ಲಿದ್ದಾರೆ. ಅವರ ಕೂಲಿ, ನೀರು, ಮಕ್ಕಳ ಶಾಲೆಯ ಬಗ್ಗೆ ವಿಚಾರಿಸಲು ನಮ್ಮನ್ನು ಯಾರು ತಡೆದಿದ್ದಾರೆ? ಗ್ರೀನ್‌ಲಾನ ಕ್ಯಾಮೆರಾಕ್ಕೆ ನಡೆದಾಡುವವರನ್ನು ಹಿಡಿಯುವ ಶಕ್ತಿ ಇರಲಿಲ್ಲ. ನಮ್ಮ ಕಣ್ಣಿಗೆ ಆ ನೆಪವಿಲ್ಲ.