ಅಣುವಿದ್ಯುತ್ತಿನ ಋಣವಿಚಾರ

ವಸ್ತುವಿನ ಬೆಲೆಯೆಂಬುದು ಕೊಳ್ಳುವವನು ತೆರುವ ಹಣ ಮಾತ್ರವಲ್ಲ. ಕೊಳ್ಳದವನು ಸಹಿಸುವ ಕಷ್ಟವೂ ಬೆಲೆಯೇ. ಅಣುಶಕ್ತಿಯಿಂದ ವಿದ್ಯುತ್ತನ್ನು ಪಡೆಯುವುದು ಯುಕ್ತವೋ ಅಯುಕ್ತವೋ ಎಂದು ವಿಚಾರಿಸುವವರು ಈ ಎರಡನ್ನೂ ತೂಗಿ ನೋಡತಕ್ಕದ್ದು.

ಪೂರ್ವಪಕ್ಷವು ದುರ್ಬಲವಾದುದಲ್ಲ. ಫಿನ್ಲೆಂಡ್ ದೇಶದ ಓಲ್ಕಿಲುವೊಟೊ ಎಂಬಲ್ಲಿ ಮೂರನೆಯ ಸ್ಥಾವರದ ಕೆಲಸವು 2005ರಲ್ಲಿ ಮೊದಲಾಯಿತು. 2009ರಲ್ಲಿ ಮುಗಿಯಬೇಕಾಗಿದ್ದ ಅದು ಪೂರ್ಣವಾಗಿ ನಡೆಯತೊಡಗಿದ್ದು 2023ರಲ್ಲಿ. 300 ಕೋಟಿ ಯೂರೋಗಳೆಂದು ಎಣಿಸಿದ್ದ ವೆಚ್ಚವು ಮೂರು ಮಡಿಯನ್ನು ಮೀರಿತು. ಬಿಸಿಲಿನಿಂದಲೂ ಗಾಳಿಯಿಂದಲೂ ಇದಕ್ಕಿಂತ ಅಗ್ಗವಾಗಿ ವಿದ್ಯುತ್ತು ದೊರೆಯುತ್ತಿರುವಾಗ ಈ ದುಂದುವೆಚ್ಚವೇತಕ್ಕೆ? ಮೇಲಾಗಿ, ಉರಿದುಳಿದ ಇಂಧನದಲ್ಲಿರುವ ಪ್ಲುಟೋನಿಯಮ್ ಅರ್ಧದಷ್ಟು ಕ್ಷಯಿಸುವುದಕ್ಕೇ ಸುಮಾರು 24,000 ವರ್ಷಗಳು ಬೇಕು. 1986ರ ಚೆರ್ನೋಬಿಲ್, 2011ರ ಫುಕುಷಿಮಾಗಳನ್ನು ಲೋಕವು ಮರೆತಿಲ್ಲ.

ಇದಕ್ಕೆ ಉತ್ತರವೂ ಉಂಟು. ಸೂರ್ಯನು ಮುಳುಗುವನು, ಗಾಳಿಯು ತಂಗುವುದು. ದೀಪವಾದರೋ ಇರುಳಿನಲ್ಲಿಯೇ ಬೇಕು. ಕಾಳಿನದಿಯ ದಡದ ಕೈಗಾದಲ್ಲಿ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2018ರ ಕಡೆಯ ದಿನದವರೆಗೆ 962 ದಿನಗಳ ಕಾಲ ಎಡೆಬಿಡದೆ ನಡೆಯಿತು. ಕಲ್ಲಿದ್ದಲಿನಿಂದ ಒಂದು ಯೂನಿಟ್ಟನ್ನು ಪಡೆದರೆ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ ಇಂಗಾಲಾಮ್ಲ ವಾಯುವು ಹೊರಬೀಳುವುದು; ಅಣುಸ್ಥಾವರದಲ್ಲಿ ಗಣಿಯ ಕೆಲಸ ಮೊದಲ್ಗೊಂಡು ಎಲ್ಲವನ್ನೂ ಕೂಡಿಸಿದರೂ ಸುಮಾರು 12 ಗ್ರಾಂ ಮಾತ್ರ.

ಹಾಗಾದರೆ ಸಿದ್ಧಾಂತವೇನು? ಎರಡೂ ಸಾಲವೇ. ನಮ್ಮ ಹಿರಿಯರು ಪಿತೃಋಣವನ್ನು ಸಂತತಿಯ ಮೂಲಕ ತೀರಿಸಬೇಕೆಂದರು. ನಾವು ಸಂತತಿಯ ಹೆಸರಿನಲ್ಲಿಯೇ ಸಾಲವೆತ್ತುತ್ತಿದ್ದೇವೆ. ಹೊಗೆಯ ಸಾಲಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಅದು ಆಕಾಶದಲ್ಲಿ ಹರಡಿ ಯಾರ ಮೇಲೋ ಬೀಳುವುದು. ಅಣುವಿನ ಕಸಕ್ಕಾದರೋ ತೂಕವುಂಟು, ಇಟ್ಟ ಸ್ಥಳವುಂಟು, ಕಾಯತಕ್ಕವನು ಯಾರೆಂಬುದೂ ಗೊತ್ತುಂಟು. ಲೆಕ್ಕವಿಲ್ಲದ ಸಾಲಕ್ಕಿಂತ ಲೆಕ್ಕವುಳ್ಳ ಸಾಲವು ಮೇಲು. ಜರ್ಮನಿಯು 2023ರ ಏಪ್ರಿಲಿನಲ್ಲಿ ತನ್ನ ಕಡೆಯ ಮೂರು ಅಣುಸ್ಥಾವರಗಳನ್ನು ಮುಚ್ಚಿತು. ಕಲ್ಲಿದ್ದಲಿನ ಒಲೆಗಳು ಆಗ ಇನ್ನೂ ಉರಿಯುತ್ತಿದ್ದವು. ಮೊದಲು ತೀರಿಸಬೇಕಾದ ಸಾಲವನ್ನು ಹಿಂದಕ್ಕೆ ತಳ್ಳಿದಂತಾಯಿತು.

ಆದರೂ ಮೇಲಾದ ಸಾಲವು ಸಾಲವಲ್ಲವೆಂದು ಹೇಳಲಾಗದು. ಬೆಳಕು ಬೆಂಗಳೂರಿಗೆ, ಭಯವು ಕಾಳಿಯ ಕಣಿವೆಗೆ ಎಂಬ ಹಂಚಿಕೆಯು ನ್ಯಾಯವೆನಿಸುವುದಿಲ್ಲ. ಆದಕಾರಣ ಚೆನ್ನಾಗಿ ನಡೆಯುತ್ತಿರುವ ಸ್ಥಾವರವನ್ನು ಕಲ್ಲಿದ್ದಲಿಗಿಂತ ಮೊದಲು ಮುಚ್ಚಬಾರದು. ಹೊಸದನ್ನು ಕಟ್ಟುವವರು ನಿಜವಾದ ವೆಚ್ಚವನ್ನು ಮುಂಚಿತವಾಗಿ ಸಾರಿ ಹೇಳಬೇಕು. ಕಸವನ್ನು ಕಾಯುವ ಹಣವನ್ನು ಇಂದಿನ ದೀಪದ ಬೆಲೆಯಲ್ಲಿಯೇ ಸೇರಿಸಿ ತೆಗೆದಿಡಬೇಕು. ನೆರೆಯಲ್ಲಿ ಬಾಳುವವರ ಒಪ್ಪಿಗೆಯನ್ನು ಕೇಳಬೇಕು. ಇಷ್ಟು ಮಾಡಿದ ಮೇಲೆಯೂ ಬೆಲೆಯು ಹೆಚ್ಚೆನಿಸಿದರೆ, ದೀಪಗಳಲ್ಲಿ ಒಂದನ್ನು ಆರಿಸುವ ಮಾರ್ಗವು ಎಲ್ಲರಿಗೂ ತೆರೆದೇ ಇರುವುದು; ಅದಕ್ಕೆ ಸ್ಥಾವರವೂ ಬೇಡ, ಸಾಲವೂ ಬೇಡ.